ಹದಿಹರೆಯದ ಮಕ್ಕಳು ಒಂಟಿಯಾಗಿ ಕ್ಯಾಬ್ ಹತ್ತುವಾಗ: ಮನೆಯಲ್ಲೇ ಆಗಬೇಕಾದ ತಯಾರಿ

ಪಿಯುಸಿ ಓದುವ ಮಗಳ ಟ್ಯೂಷನ್ ರಾತ್ರಿ ಎಂಟೂವರೆಗೆ ಮುಗಿಯುತ್ತದೆ. ಆ ಹೊತ್ತಿಗೆ ತಂದೆ ಇನ್ನೂ ಸಿಲ್ಕ್ ಬೋರ್ಡ್ ದಾಟಿರುವುದಿಲ್ಲ, ತಾಯಿ ವೈಟ್‌ಫೀಲ್ಡಿನ ಕಚೇರಿಯಿಂದ ಹೊರಟಿರುವುದೂ ಇಲ್ಲ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇದು ವಾರದ ಬಹುತೇಕ ದಿನಗಳ ಪಾಡಾಗಿರುವುದರಿಂದ, ಮಕ್ಕಳನ್ನು ಒಂಟಿಯಾಗಿ ಕ್ಯಾಬಿಗೋ ಆಟೊಗೋ ಹತ್ತಿಸಬೇಕೇ ಬೇಡವೇ ಎಂಬ ಚರ್ಚೆಗೆ ಈಗ ಅರ್ಥ ಉಳಿದಿಲ್ಲ. ಹೇಗೆ ಹತ್ತಿಸಬೇಕು ಎಂಬುದಷ್ಟೇ ಪ್ರಶ್ನೆ. ಸಾಮಾನ್ಯವಾಗಿ ನಾವು ಗಾಡಿಯನ್ನು ನಾವೇ ಬುಕ್ ಮಾಡಿ, ಒಟಿಪಿಯನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿ, ಮಗು ಮನೆ ಸೇರುವವರೆಗೆ ನಕ್ಷೆಯ ಮೇಲಿನ ಚುಕ್ಕೆಯನ್ನು ನೋಡುತ್ತ ಕೂರುತ್ತೇವೆ. ಇದರಿಂದ ನಮಗೆ ಸಮಾಧಾನವಾಗುತ್ತದೆಯೇ ಹೊರತು ಮಗುವಿಗೆ ಏನೂ ತಿಳಿಯುವುದಿಲ್ಲ. ಮಗು ಕಲಿಯಬೇಕಾದ ಮೊದಲ ವಿದ್ಯೆಯೆಂದರೆ ಬಂದು ನಿಂತ ಗಾಡಿಯನ್ನು ‘ಬೇಡ’ ಎಂದು ಕಳಿಸುವುದು. ಹಾಗೆ ಕಳಿಸಿದ್ದರಿಂದಾಗುವ ಖರ್ಚನ್ನೂ ತಡವನ್ನೂ ಮನೆಯವರು ಗೊಣಗದೆ ಹೊರುವಂತಿದ್ದರೆ, ಸ್ವಾತಂತ್ರ್ಯ ಮತ್ತು ಸುರಕ್ಷತೆಗಳ ನಡುವಿನ ಜಗ್ಗಾಟ ಅರ್ಧದಷ್ಟು ತಾನಾಗಿ ಸಡಿಲವಾಗುತ್ತದೆ.

ಖಾತೆ ಮತ್ತು ಹಣ

ಕ್ಯಾಬ್ ಆ್ಯಪ್‌ಗಳಲ್ಲಿ ಸಾಮಾನ್ಯ ಖಾತೆ ತೆರೆಯಲು 18 ವರ್ಷ ತುಂಬಿರಬೇಕು. ಖಾತೆ ತೆರೆಯುವುದೆಂದರೆ ಕಂಪನಿಯೊಂದಿಗೆ ಕರಾರು ಮಾಡಿಕೊಂಡಂತೆ, ಮತ್ತು 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕರಿಗೆ ಆ ಅರ್ಹತೆಯಿಲ್ಲ. ಹುಟ್ಟಿದ ವರ್ಷವನ್ನು ಎರಡು ಮೂರು ವರ್ಷ ಹಿಂದಕ್ಕೆ ಹಾಕಿ ಖಾತೆ ತೆರೆದಿರುವ ಹುಡುಗರು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಆದರೆ ಏನಾದರೂ ಎಡವಟ್ಟಾದ ದಿನ ಕಂಪನಿಯ ದಾಖಲೆಯಲ್ಲಿ ಆ ಮಗು ವಯಸ್ಕನಾಗಿರುತ್ತದೆ, ಮನೆಯವರ ಹೆಸರು ಎಲ್ಲಿಯೂ ಇರುವುದಿಲ್ಲ. ಈ ತೊಡಕಿಗೆ ಈಗ ನೇರವಾದ ದಾರಿಯೊಂದಿದೆ. 2025ರ ಮಾರ್ಚ್‌ನಲ್ಲಿ ಉಬರ್ ಕಂಪನಿಯು 13ರಿಂದ 17 ವರ್ಷದವರಿಗೆಂದೇ ಬೇರೆ ಬಗೆಯ ಖಾತೆಯನ್ನು ಬೆಂಗಳೂರು ಸೇರಿದಂತೆ ದೇಶದ 37 ನಗರಗಳಲ್ಲಿ ಆರಂಭಿಸಿತು. ತಂದೆಯೋ ತಾಯಿಯೋ ತಮ್ಮ ಖಾತೆಯ ಮೂಲಕ ಮಗುವನ್ನು ಸೇರಿಸಿಕೊಳ್ಳಬೇಕು. ಪಿನ್ ಹೇಳದೆ ಪ್ರಯಾಣ ಆರಂಭವಾಗುವುದಿಲ್ಲ. ಗಾಡಿ ಎಲ್ಲಿದೆ ಎಂಬುದು ಪೋಷಕರ ಫೋನಿನಲ್ಲಿ ಕಾಣುತ್ತದೆ. ಪ್ರಯಾಣದ ಧ್ವನಿಯನ್ನು ಮುದ್ರಿಸಿಕೊಳ್ಳುವ ಅನುಕೂಲವೂ ಇದೆ. ಬೇರೆ ಆ್ಯಪ್ ಬಳಸುವವರು ಅಪ್ರಾಪ್ತರ ಪ್ರಯಾಣದ ಬಗ್ಗೆ ಅದರ ನಿಯಮ ಏನು ಹೇಳುತ್ತದೆ ಎಂಬುದನ್ನು ಒಮ್ಮೆ ಓದಿಯೇ ಮುಂದುವರಿಯುವುದು ಒಳ್ಳೆಯದು.

ಹಣದ ವಿಷಯಕ್ಕೆ ಯುಪಿಐ ಸರ್ಕಲ್ ಅನುಕೂಲಕರ. 2024ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ನಿಮ್ಮ ಬ್ಯಾಂಕ್ ಖಾತೆಯಿಂದ ಪಾವತಿ ಮಾಡುವ ಅಧಿಕಾರವನ್ನು ಮಗುವಿನ ಫೋನಿಗೆ ಮಿತಿ ಹಾಕಿ ಕೊಡಬಹುದು. ಒಂದೊಂದು ಪಾವತಿಗೂ ನೀವೇ ಒಪ್ಪಿಗೆ ಕೊಡುವ ಬಗೆಯೂ ಇದರಲ್ಲಿದೆ, ಆದರೆ ಅದನ್ನು ಪ್ರಯಾಣದ ಖರ್ಚಿಗೆ ಆರಿಸಿಕೊಳ್ಳಬೇಡಿ. ನೀವು ಮೀಟಿಂಗಿನಲ್ಲಿರುವಾಗ ಮಗು ರಾತ್ರಿ ಒಂಬತ್ತಕ್ಕೆ ಗಾಡಿಯ ಪಕ್ಕ ನಿಂತು ನಿಮ್ಮ ಒಪ್ಪಿಗೆಗೆ ಕಾಯುವುದು ಯಾರಿಗೂ ಬೇಡ. ಇದಲ್ಲದೆ ಮಗುವಿನ ಬ್ಯಾಗಿನಲ್ಲಿ ಐನೂರು ರೂಪಾಯಿ ನಗದು ಸದಾ ಇರಲಿ, ಅದೂ ನೂರರ ಮತ್ತು ಐವತ್ತರ ನೋಟುಗಳಲ್ಲಿ. ಆಟೊಗಳಲ್ಲಿ ಈಗ ಬಾಡಿಗೆಯನ್ನು ಹೆಚ್ಚಾಗಿ ಚಾಲಕರಿಗೇ ನೇರವಾಗಿ ಕೊಡುವ ಪದ್ಧತಿ ಇರುವುದರಿಂದ, ‘ಚಿಲ್ಲರೆ ಇಲ್ಲ’ ಎಂಬ ಮಾತು ಎದುರಾಗುವುದು ಖಚಿತ.

ಜೊತೆಯಲ್ಲಿ ಕೂತು ಕಲಿಸುವುದು

ಮೊದಲ ಕೆಲವು ಪ್ರಯಾಣಗಳಲ್ಲಿ ನೀವು ಜೊತೆಗಿರಿ, ಆದರೆ ಕೆಲಸವೆಲ್ಲ ಮಗುವಿನದೇ ಆಗಲಿ. ಎಲ್ಲಿ ನಿಂತು ಕಾಯಬೇಕು, ಚಾಲಕರ ಕರೆ ಬಂದಾಗ ಜಾಗವನ್ನು ಹೇಗೆ ವಿವರಿಸಬೇಕು ಎಂಬುದನ್ನೆಲ್ಲ ಮಗುವೇ ನಿರ್ಧರಿಸಲಿ, ತಪ್ಪಿದರೆ ತಕ್ಷಣ ಬಾಯಿ ಹಾಕಬೇಡಿ. ಕಾಯುವ ಜಾಗ ಟ್ಯೂಷನ್ ಗೇಟಿನ ಕತ್ತಲ ಮೂಲೆಯಾಗುವ ಬದಲು ಪಕ್ಕದ ಮೆಡಿಕಲ್ ಶಾಪ್, ಬೇಕರಿ ಅಥವಾ ದರ್ಶಿನಿಯ ಬೆಳಕಿರಲಿ. ಆಮೇಲೆ ಹಗಲಿನಲ್ಲಿ ಪರಿಚಿತ ರಸ್ತೆಯಲ್ಲಿ ಒಂಟಿ ಪ್ರಯಾಣ, ಆಮೇಲೆ ಸಂಜೆ, ಅದಾದ ಮೇಲೆ ಗೊತ್ತಿಲ್ಲದ ಬಡಾವಣೆ, ಹೀಗೆ ಮುಂದುವರಿಯಬಹುದು. ದೂರದ ಪ್ರಯಾಣವಾದರೆ ಹೆಚ್ಚಿನ ಭಾಗವನ್ನು ಮೆಟ್ರೊದಲ್ಲಿ ಮುಗಿಸಿ, ನಿಲ್ದಾಣದಿಂದ ಮನೆಯವರೆಗಿನ ಎರಡು ಮೂರು ಕಿಲೋಮೀಟರಿಗೆ ಮಾತ್ರ ಆಟೊ ಹಿಡಿಯುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಉತ್ತಮ ಏರ್ಪಾಡು. ಖರ್ಚೂ ಕಡಿಮೆ, ಕಾಯುವ ಜಾಗದಲ್ಲಿ ಬೆಳಕು, ಜನ ಮತ್ತು ಭದ್ರತಾ ಸಿಬ್ಬಂದಿಯೂ ಇರುತ್ತಾರೆ.

ಗಾಡಿ ಬಂದಾಗ ನೋಡಬೇಕಾದ ಕ್ರಮವನ್ನು ಬಾಯಿಪಾಠವಾಗುವಷ್ಟು ಅಭ್ಯಾಸ ಮಾಡಿಸಬೇಕು. ಮೊದಲು ನಂಬರ್ ಪ್ಲೇಟ್: ಕೊನೆಯ ನಾಲ್ಕು ಅಂಕಿಗಳಷ್ಟೇ ಸಾಲದು, ಅದರ ಹಿಂದಿನ ಅಕ್ಷರಗಳೂ ಹೊಂದಬೇಕು. ಬಾಡಿಗೆ ಕಾರಿನ ಪ್ಲೇಟ್ ಹಳದಿ ಬಣ್ಣದ್ದಾಗಿದ್ದು ಅದರ ಮೇಲೆ ಕಪ್ಪು ಅಕ್ಷರಗಳಿರುತ್ತವೆ. ವಿದ್ಯುತ್ ಚಾಲಿತ ಟ್ಯಾಕ್ಸಿಯಾದರೆ ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರ. ಬಿಳಿ ಪ್ಲೇಟಿನ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಸ್ವಂತ ಬಳಕೆಯ ಕಾರು, ಅದನ್ನು ಹತ್ತುವ ಪ್ರಶ್ನೆಯೇ ಇಲ್ಲ. ‘ಆ ಗಾಡಿ ಸರ್ವೀಸಿಗೆ ಬಿಟ್ಟಿದೀನಿ, ಇದು ನಮ್ಮ ಅಣ್ಣಂದು’ ಎಂಬ ಉತ್ತರ ನಿಜವೇ ಆಗಿರಬಹುದು, ಆದರೆ ಅದನ್ನು ಪರೀಕ್ಷಿಸುವ ಹೊಣೆ ಹದಿನೈದರ ಹುಡುಗಿಯದಲ್ಲ. ನಂಬರಿನ ನಂತರ ಚಾಲಕರ ಮುಖ ಮತ್ತು ಫೋಟೊ, ಆನಂತರ ‘ಯಾರ ಹೆಸರಿಗೆ ಬಂದಿದೀರಾ ಅಣ್ಣ?’ ಎಂಬ ಪ್ರಶ್ನೆ. ತನ್ನ ಹೆಸರನ್ನು ಮಗು ತಾನಾಗಿ ಹೇಳಬಾರದು. ಪಿನ್ ಎಲ್ಲಕ್ಕಿಂತ ಕೊನೆಗೆ. ಪಿನ್ ಹೇಳುವವರೆಗೆ ಪ್ರಯಾಣ ಆರಂಭವಾಗಿರುವುದಿಲ್ಲ, ಆದ್ದರಿಂದ ನಿರಾಕರಿಸುವುದು ಸುಲಭ. ‘ಒಟಿಪಿ ಫೋನಲ್ಲೇ ಹೇಳಿ, ಬಂದ್ಬಿಡ್ತೀನಿ’ ಎಂದು ದೂರದಿಂದಲೇ ಕೇಳಿದರೆ ಹೇಳಕೂಡದು.

ಕ್ಯಾನ್ಸಲ್ ಮಾಡಿ ಬನ್ನಿ ಎಂದಾಗ

ಮಕ್ಕಳಿಗೆ ಹೆಚ್ಚಾಗಿ ಎದುರಾಗುವ ಇಕ್ಕಟ್ಟು ಇದು. ಗಾಡಿ ಬಂದು ನಿಲ್ಲುತ್ತದೆ, ಚಾಲಕರು ಎಲ್ಲಿಗೆ, ಎಷ್ಟು ತೋರಿಸುತ್ತಿದೆ ಎಂದು ಕೇಳುತ್ತಾರೆ, ಬಳಿಕ ‘ಆ್ಯಪಲ್ಲಿ ಕ್ಯಾನ್ಸಲ್ ಮಾಡಿ, ಅದೇ ರೇಟಿಗೆ ಬಿಡ್ತೀನಿ’ ಎನ್ನುತ್ತಾರೆ. ಇದರ ಹಿಂದೆ ಸಾಮಾನ್ಯವಾಗಿ ಕೆಟ್ಟ ಉದ್ದೇಶವಿರುವುದಿಲ್ಲ. ಕಂಪನಿಗೆ ಹೋಗುವ ಪಾಲನ್ನು ಉಳಿಸುವುದು ಅಥವಾ ಅಂದಿನ ದುಡಿಮೆ ಅಂದೇ ಕೈಗೆ ಬರಲಿ ಎಂಬುದಷ್ಟೇ ಲೆಕ್ಕ. ಆದರೆ ಕ್ಯಾನ್ಸಲ್ ಒತ್ತಿದ ಕ್ಷಣವೇ ಆ ಪ್ರಯಾಣದ ದಾಖಲೆ ಅಳಿದಂತೆ: ನಕ್ಷೆಯಲ್ಲಿ ಚುಕ್ಕೆಯಿಲ್ಲ, ಆ್ಯಪಿನ ತುರ್ತು ಬಟನ್ ಒತ್ತಿದರೂ ಯಾವ ಗಾಡಿ ಎಂಬುದು ತಿಳಿಯುವುದಿಲ್ಲ, ಅಪಘಾತವಾದರೆ ಕಂಪನಿಗೂ ಆ ಪ್ರಯಾಣಕ್ಕೂ ಸಂಬಂಧವಿರುವುದಿಲ್ಲ. ಇದನ್ನು ಮಕ್ಕಳಿಗೆ ಕಾರಣ ಸಹಿತ ಹೇಳಿದರೆ ಅವರು ಬೇಗ ಒಪ್ಪುತ್ತಾರೆ. ಒಪ್ಪಿದ ಮೇಲೂ ಎದುರಿಗೆ ನಿಂತು ಹೇಳುವುದು ಕಷ್ಟವೇ. ದೊಡ್ಡವರಿಗೆ ಎದುರು ಮಾತಾಡಬೇಡ ಎಂದು ಹತ್ತಾರು ವರ್ಷ ಹೇಳಿ ಬೆಳೆಸಿದ ಮಗು, ತಂದೆಯ ವಯಸ್ಸಿನ ವ್ಯಕ್ತಿಗೆ ಒಮ್ಮೆಲೇ ‘ಆಗಲ್ಲ’ ಎನ್ನಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಅದಕ್ಕಾಗಿ ಮನೆಯಲ್ಲೇ ಒಬ್ಬರು ಚಾಲಕರ ಪಾತ್ರ ವಹಿಸಿ ಮಾತು ರೂಢಿ ಮಾಡಿಸಬೇಕು. ಮಗುವಿನ ಉತ್ತರ ಹೀಗಿರಲಿ: ‘ಇಲ್ಲ ಅಣ್ಣ, ಮನೇಲಿ ಆ್ಯಪಲ್ಲೇ ನೋಡ್ತಿರ್ತಾರೆ. ನಿಮಗೆ ಆಗಲ್ಲ ಅಂದ್ರೆ ನೀವೇ ಕ್ಯಾನ್ಸಲ್ ಮಾಡಿ, ನಾನು ಬೇರೆ ನೋಡ್ತೀನಿ.’ ಈ ಮಾತಿನಲ್ಲಿ ಜಗಳವಿಲ್ಲ, ಅಪಮಾನವಿಲ್ಲ, ಜೊತೆಗೆ ಮನೆಯಲ್ಲಿ ಯಾರೋ ನೋಡುತ್ತಿದ್ದಾರೆ ಎಂಬ ಸುಳಿವೂ ಸಿಗುತ್ತದೆ. ಹೀಗೆ ಗಾಡಿ ಬಿಟ್ಟುಕೊಟ್ಟು ದಂಡ ಬಿದ್ದರೂ, ಮುಂದಿನ ಗಾಡಿಗೆ ದುಪ್ಪಟ್ಟು ಬಾಡಿಗೆಯಾದರೂ, ಅರ್ಧ ಗಂಟೆ ತಡವಾದರೂ ‘ಯಾಕೆ ಬಿಟ್ಟೆ’ ಎಂಬ ಪ್ರಶ್ನೆ ಮನೆಯಲ್ಲಿ ಬರಬಾರದು. ನಲವತ್ತು ರೂಪಾಯಿಗೆ ಒಮ್ಮೆ ಬೈದರೆ ಸಾಕು, ಮುಂದಿನ ಸಲ ಮಗು ಅನುಮಾನ ಬಂದ ಗಾಡಿಯನ್ನೂ ಹತ್ತುತ್ತದೆ, ನಿಮಗೆ ಹೇಳುವುದೂ ಇಲ್ಲ.

ಗಾಡಿಯ ಒಳಗೆ

ಕಾರಿನಲ್ಲಿ ಹಿಂದಿನ ಸೀಟಿನ ಎಡಬದಿ ಸೂಕ್ತ. ಬಾಗಿಲು ಹಾಕಿದ ಮೇಲೆ ಒಳಗಿನ ಹಿಡಿಕೆಯಿಂದ ಒಮ್ಮೆ ತೆರೆದು ನೋಡಬೇಕು, ತೆರೆಯದಿದ್ದರೆ ಚೈಲ್ಡ್ ಲಾಕ್ ಹಾಕಿದೆ ಎಂದರ್ಥ. ಗಾಡಿ ಹೊರಡುವ ಮುನ್ನವೇ ಅದನ್ನು ತೆಗೆಸಬೇಕು. ಹಿಂದೆ ಕೂತವರಿಗೂ ಸೀಟ್ ಬೆಲ್ಟ್ ಕಡ್ಡಾಯ, ಇಲ್ಲದಿದ್ದರೆ ಸಾವಿರ ರೂಪಾಯಿ ದಂಡವಿದೆ. 2019ರ ಜನವರಿಯ ನಂತರ ನೋಂದಣಿಯಾದ ಟ್ಯಾಕ್ಸಿಗಳಲ್ಲಿ ಸ್ಥಾನ ತಿಳಿಸುವ ಸಾಧನ ಮತ್ತು ತುರ್ತು ಬಟನ್ ಇರಬೇಕೆಂಬ ಕೇಂದ್ರ ನಿಯಮವಿದೆಯಾದರೂ ಆಟೊಗಳಿಗೆ ವಿನಾಯಿತಿ ಇದೆ. ಬಟನ್ ಎಲ್ಲಿದೆ ಎಂದು ನೋಡಿಕೊಳ್ಳುವುದು ಸರಿ, ಅದನ್ನೇ ನೆಚ್ಚಿಕೊಳ್ಳುವುದು ಬೇಡ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿ ರೀಲ್ಸ್ ನೋಡುತ್ತ ಕೂರುವುದು ಇಲ್ಲಿ ನಿಜವಾದ ಅಪಾಯ, ಏಕೆಂದರೆ ಗಾಡಿ ಎತ್ತ ಹೊರಳಿತು ಎಂಬುದೇ ಗೊತ್ತಾಗುವುದಿಲ್ಲ.

ದಾರಿ ತಪ್ಪಿದ ಕೂಡಲೇ ಗಾಬರಿಯಾಗಬೇಕಿಲ್ಲ ಎಂಬುದನ್ನೂ ಕಲಿಸಬೇಕು. ಬೆಂಗಳೂರಿನಲ್ಲಿ ಏಕಮುಖ ಸಂಚಾರ, ಅಗೆದ ರಸ್ತೆ, ಮಳೆನೀರು ಇವುಗಳಿಂದಾಗಿ ನಕ್ಷೆಯ ದಾರಿಯಲ್ಲೇ ಹೋಗುವ ಚಾಲಕರೇ ವಿರಳ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನ ಮಳೆನೀರಿನಲ್ಲಿ ಕಾರು ಸಿಲುಕಿ ಯುವತಿಯೊಬ್ಬರು ಮೃತಪಟ್ಟರು. ಸುತ್ತುದಾರಿ ಹಿಡಿದ ಚಾಲಕರಿಗಿಂತ ನೀರು ನಿಂತ ಅಂಡರ್‌ಪಾಸಿಗೆ ಗಾಡಿ ಇಳಿಸುವ ಚಾಲಕರ ಬಗ್ಗೆಯೇ ಹೆಚ್ಚು ಎಚ್ಚರ ಬೇಕು. ಅತಿವೇಗ, ಫೋನಿನಲ್ಲಿ ಮಾತಾಡುತ್ತ ಓಡಿಸುವುದು, ತೂಕಡಿಕೆ ಇವೆಲ್ಲ ನಾವು ಮಕ್ಕಳಿಗೆ ಹೇಳದೆ ಬಿಡುವ ಅಪಾಯಗಳು. ‘ಅಣ್ಣ, ಯಾಕೆ ಈ ಕಡೆ?’ ಎಂದು ಸಹಜವಾಗಿ ಕೇಳುವುದು, ‘ಸ್ವಲ್ಪ ನಿಧಾನ ಹೋಗಿ’ ಎನ್ನುವುದು ತಪ್ಪಲ್ಲ. ಉತ್ತರ ಸರಿಯೆನಿಸದಿದ್ದರೆ ಜನರಿರುವ ಪೆಟ್ರೋಲ್ ಬಂಕ್ ಅಥವಾ ಅಂಗಡಿಯ ಮುಂದೆ ‘ಇಲ್ಲೇ ಇಳೀತೀನಿ’ ಎಂದು ನಿಲ್ಲಿಸಿ, ಬಾಡಿಗೆ ಪೂರ್ತಿ ಕೊಟ್ಟು ಇಳಿಯಬೇಕು. ಆ ಗಳಿಗೆಯಲ್ಲಿ ಲೆಕ್ಕಾಚಾರಕ್ಕೆ ನಿಲ್ಲಬಾರದು.

ಫೋನಿನಲ್ಲಿ ಬಿಡಿಸಿ ಹೇಳಲಾಗದ ಸಂದರ್ಭಕ್ಕೆ ಮನೆಯವರಷ್ಟೇ ಬಲ್ಲ ಒಂದು ವಾಕ್ಯವಿರಲಿ. ‘ಅಜ್ಜಿ ಮಾತ್ರೆ ತಗೊಂಡ್ರಾ?’ ಎಂದು ಮಗು ಕೇಳಿದರೆ, ಕರೆ ಕತ್ತರಿಸದೆ ಮಾತು ಮುಂದುವರಿಸಿ ನಕ್ಷೆಯಲ್ಲಿ ಗಾಡಿಯನ್ನು ನೋಡಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡಿರಬಹುದು. ಅಜ್ಜಿ ಇಲ್ಲದ ಮನೆಯವರು ಬೇರೆ ವಾಕ್ಯ ಹುಡುಕಿಕೊಳ್ಳಲಿ.

ಎಷ್ಟು ನೋಡಬೇಕು, ಎಲ್ಲಿ ಬಿಡಬೇಕು

ಪ್ರಯಾಣದ ಲಿಂಕ್ ಹಂಚಿಕೊಳ್ಳುವುದು ಬೇರೆ, ಮಗುವಿನ ಫೋನಿನ ಸ್ಥಾನವನ್ನು ದಿನವಿಡೀ ನೋಡುವುದು ಬೇರೆ. ಲಿಂಕ್ ಪ್ರಯಾಣದೊಂದಿಗೆ ಮುಗಿಯುತ್ತದೆ, ಅದಕ್ಕೆ ಯಾವ ಮಗುವೂ ತಕರಾರು ತೆಗೆಯುವುದಿಲ್ಲ. ದಿನವಿಡೀ ನೋಡಲು ಹೋದರೆ ಹದಿನಾರರ ಹುಡುಗ ಫೋನನ್ನು ಸ್ನೇಹಿತನ ಮನೆಯಲ್ಲಿಟ್ಟು ಹೊರಡುವ ಉಪಾಯ ಕಂಡುಕೊಳ್ಳುತ್ತಾನೆ, ಆಗ ನಿಜವಾಗಿ ಬೇಕಾದ ಹೊತ್ತಿನಲ್ಲಿ ಕೈಯಲ್ಲಿ ಫೋನೇ ಇರುವುದಿಲ್ಲ. ಹತ್ತಿದಾಗ ಒಂದು ಸಂದೇಶ, ಇಳಿದಾಗ ಒಂದು ಸಂದೇಶ, ನಡುವೆ ಐದೈದು ನಿಮಿಷಕ್ಕೆ ‘ಎಲ್ಲಿದೀಯಾ’ ಎಂಬ ಕರೆ ಬೇಡ ಎಂಬ ಒಪ್ಪಂದ ಸಾಕು. ನೀವು ನೋಡುತ್ತಿದ್ದೀರಿ ಎಂಬುದು ಮಗುವಿಗೆ ಗೊತ್ತಿರಬೇಕು; ಕದ್ದು ನೋಡುವುದು ಬೇಡವೇ ಬೇಡ. ಈ ನಿಯಮಗಳೆಲ್ಲ ಗಂಡುಮಕ್ಕಳಿಗೂ ಅನ್ವಯಿಸಲಿ. ಅಕ್ಕನಿಗೆ ಹತ್ತು ಕಟ್ಟಳೆ ಹಾಕಿ ತಮ್ಮನನ್ನು ಹಾಗೇ ಬಿಡುವುದು ನಮ್ಮಲ್ಲಿ ರೂಢಿ, ಆದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯೇ 18ರೊಳಗಿನ ಗಂಡು ಹೆಣ್ಣು ಇಬ್ಬರನ್ನೂ ಮಕ್ಕಳೆಂದೇ ಕಾಣುತ್ತದೆ.

ಪೂರ್ತಿ ಬೇಡ ಎನ್ನಬೇಕಾದವೂ ಇವೆ. ಬೈಕ್ ಟ್ಯಾಕ್ಸಿ ಅವುಗಳಲ್ಲಿ ಮೊದಲನೆಯದು. ಹೈಕೋರ್ಟ್ ಆದೇಶದಂತೆ 2025ರ ಜೂನ್‌ನಲ್ಲಿ ರಾಜ್ಯದಲ್ಲಿ ಈ ಸೇವೆ ನಿಂತಿತು; ಆ ವ್ಯಾಜ್ಯ ಎಲ್ಲಿಗೇ ಮುಟ್ಟಲಿ, ಅಳತೆಗೆ ಹೊಂದದ ಹೆಲ್ಮೆಟ್ ಹಾಕಿಕೊಂಡು ಅಪರಿಚಿತರ ಹಿಂದೆ ಕೂರುವುದು ಈ ವಯಸ್ಸಿಗೆ ಸರಿಯಲ್ಲ. ಊರಿಂದೂರಿಗೆ ರಾತ್ರಿ ಪ್ರಯಾಣ, ಅಪರಿಚಿತರೊಂದಿಗೆ ಹಂಚಿಕೊಳ್ಳುವ ಗಾಡಿ ಇವೂ ಹಾಗೆಯೇ.

ಏನಾದರೂ ಆದರೆ

ತುರ್ತಿಗೆ 112, ಮಕ್ಕಳ ಸಹಾಯವಾಣಿ 1098. ಇವೆರಡೂ ಫೋನಿನಲ್ಲಿ ಮಾತ್ರವಲ್ಲದೆ ಬಾಯಲ್ಲೂ ಇರಬೇಕು. ಕರೆ ಮಾಡಿದಾಗ ಮೊದಲು ಜಾಗ, ಆಮೇಲೆ ಗಾಡಿಯ ನಂಬರ್, ಕೊನೆಗೆ ವಿಷಯ. ಗಂಭೀರ ಘಟನೆ ನಡೆದರೆ ದೂರು ಕೊಡಲು ಹೆದರಬೇಕಿಲ್ಲ: ಘಟನೆ ನಡೆದ ವ್ಯಾಪ್ತಿ ಯಾವುದೇ ಇರಲಿ, ಯಾವ ಠಾಣೆಯಲ್ಲಾದರೂ ಎಫ್‌ಐಆರ್ ದಾಖಲಿಸಲು 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅವಕಾಶ ಕೊಡುತ್ತದೆ. ಪೋಕ್ಸೊ ಪ್ರಕರಣವಾದರೆ ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೋ ಮಗುವಿಗೆ ಅನುಕೂಲವಾದ ಕಡೆಯಲ್ಲಿಯೋ, ಸಮವಸ್ತ್ರವಿಲ್ಲದೆ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ಅರ್ಧದಾರಿಯಲ್ಲಿ ಇಳಿಸಿದ್ದು, ಒರಟು ಮಾತು, ಹೆಚ್ಚು ಹಣ ಕೇಳಿದ್ದು ಇಂಥ ಸಣ್ಣ ತಕರಾರುಗಳನ್ನು ನೀವು ಬರೆಯಬೇಡಿ, ಮಗುವೇ ಆ್ಯಪಿನಲ್ಲಿ ದೂರು ಬರೆಯಲಿ: ದಿನಾಂಕ, ಹತ್ತಿದ ಜಾಗ, ಇಳಿಸಿದ ಜಾಗ, ಆಡಿದ ಮಾತು ಇದ್ದ ಹಾಗೆ. ಪ್ರಯಾಣದ ರಸೀದಿಯ ಸ್ಕ್ರೀನ್‌ಶಾಟ್ ಉಳಿಸಿಕೊಂಡಿರಿ. ಕಂಪನಿಯಿಂದ ಸಿದ್ಧ ಉತ್ತರವಷ್ಟೇ ಬಂದು ವಿಷಯ ಅಲ್ಲೇ ನಿಂತರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಈ ಕರೆಯನ್ನು ಮಾತ್ರ ಖಾತೆಯ ಒಡೆಯರಾದ ನೀವೇ ಮಾಡಿ, ಮಗು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲಿ.