ಸ್ಪೀಡ್ ಇದೆ, ಆದರೂ ಕಾಲ್ ತುಂಡಾಗುತ್ತಾ? ಪಿಂಗ್ ಮಾಡಿ ನೋಡಿ

ಸ್ಪೀಡ್ ಟೆಸ್ಟ್‌ನಲ್ಲಿ 100 ಎಂಬಿಪಿಎಸ್ ಬರುತ್ತದೆ, ಆದರೂ ವಿಡಿಯೊ ಕಾಲ್‌ನಲ್ಲಿ ಮಾತು ಕಟ್ ಆಗುತ್ತದೆ. ಆಗ ನೋಡಬೇಕಾದದ್ದು ಪ್ಯಾಕೆಟ್, ಅಂದರೆ ಡೇಟಾದ ಸಣ್ಣ ತುಣುಕು, ಹೋಗಿ ಬರಲು ಹಿಡಿಯುವ ಸಮಯವನ್ನು. ಅದಕ್ಕೆ ಹೊಸ ಆ್ಯಪ್ ಬೇಕಿಲ್ಲ. 1983ರಲ್ಲಿ ಮೈಕ್ ಮೂಸ್ ಬರೆದ ‘ಪಿಂಗ್’ ಎಂಬ ಪುಟ್ಟ ಪ್ರೋಗ್ರಾಂ ಈಗಲೂ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರ್‌ಗಳಲ್ಲೂ ಇದೆ. ಸಣ್ಣದೊಂದು ಪ್ಯಾಕೆಟ್ ಕಳಿಸಿ, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಆಯಿತು ಎಂದು ಅದು ಹೇಳುತ್ತದೆ.

ಮೊದಲು ನಿಮ್ಮ ರೂಟರ್‌ಗೇ ಪಿಂಗ್ ಮಾಡಿ. ಕಮಾಂಡ್ ವಿಂಡೋ ತೆರೆದು ಪಿಂಗ್ ಎಂದು ಟೈಪ್ ಮಾಡಿ, ಸ್ಪೇಸ್ ಬಿಟ್ಟು ರೂಟರ್ ವಿಳಾಸ ಕೊಡಿ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ‘ಗೇಟ್‌ವೇ’ ಎದುರಿಗಿರುವುದೇ ಆ ವಿಳಾಸ. ವಿಂಡೋಸ್ ನಾಲ್ಕು ಪ್ಯಾಕೆಟ್ ಕಳಿಸಿ ನಿಲ್ಲುತ್ತದೆ, ಅದು ಸಾಲದು. ಕೊನೆಗೆ ಹೈಫನ್ ಹಾಕಿ ಟಿ ಸೇರಿಸಿದರೆ, ಕಂಟ್ರೋಲ್ ಸಿ ಒತ್ತುವವರೆಗೂ ಕಳಿಸುತ್ತಲೇ ಇರುತ್ತದೆ. ಇಲ್ಲೇ 3, 4, 180, 5 ಎಂದು ಜಿಗಿಯುತ್ತಿದ್ದರೆ ತಪ್ಪು ಹೆಚ್ಚಾಗಿ ವೈಫೈಯದು. ಕೇಬಲ್ ಹಾಕಿ ಮತ್ತೆ ನೋಡಿ.

ರೂಟರ್ ಸರಿಯಿದ್ದರೆ ಹೊರಗೆ, ಅಂದರೆ ಗೂಗಲ್ ಸರ್ವರ್‌ನ ವಿಳಾಸವಾದ 8.8.8.8ಕ್ಕೆ ಪಿಂಗ್ ಮಾಡಿ. ಸರಾಸರಿಯನ್ನೇ ನಂಬಬೇಡಿ, ದೂರಕ್ಕೆ ತಕ್ಕ ಸಮಯವೂ ಅದರಲ್ಲಿ ಸೇರಿರುತ್ತದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 1,000 ಕಿ.ಮೀ. ದೂರದ ಸರ್ವರ್‌ಗೆ ಹೋಗಿ ಬರಲು 10 ಮಿಲಿಸೆಕೆಂಡ್ ಆಗಲೇಬೇಕು, ಎಷ್ಟು ದುಡ್ಡು ಕೊಟ್ಟರೂ ಅದು ಇಳಿಯದು. ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವಿನ ಅಂತರ ನೋಡಿ. ಅದು ಜಾಸ್ತಿ ಇದ್ದರೆ ಪ್ಯಾಕೆಟ್‌ಗಳು ಸಾಮಾನ್ಯವಾಗಿ ಎಲ್ಲೋ ಕ್ಯೂನಲ್ಲಿ ಕಾಯುತ್ತಿವೆ ಎಂದರ್ಥ.

ನನ್ನ ಪ್ರಕಾರ ಮುಖ್ಯ ಪರೀಕ್ಷೆ ಇನ್ನು ಮುಂದಿನದು, ಹೆಚ್ಚಿನವರು ಮಾಡದೆ ಬಿಡುವುದೂ ಇದನ್ನೇ. ಪಿಂಗ್ ಓಡುತ್ತಿರುವಾಗಲೇ ದೊಡ್ಡ ಫೈಲ್ ಒಂದನ್ನು ಅಪ್‌ಲೋಡ್‌ಗೆ ಹಾಕಿ. 20 ಇದ್ದದ್ದು 400ಕ್ಕೆ ಏರಿತಾ? ಹಾಗಾದರೆ ರೂಟರ್ ಅಥವಾ ಮೋಡೆಮ್ ಪ್ಯಾಕೆಟ್‌ಗಳನ್ನು ಬಫರ್‌ನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ತುಂಬಿಟ್ಟುಕೊಂಡು ತಡವಾಗಿ ಬಿಡುತ್ತಿರಬಹುದು. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಹೆಲ್ಪ್‌ಲೈನ್‌ನವರು ‘ಸ್ಪೀಡ್ ಸರಿಯಾಗೇ ಇದೆಯಲ್ಲ’ ಅನ್ನುತ್ತಾರೆ, ಅದೂ ನಿಜವೇ! ರೂಟರ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ಲೈನಿನ ವೇಗಕ್ಕಿಂತ ತುಸು ಕೆಳಗಿಟ್ಟು ನೋಡಿ.

ತೊಂದರೆ ಹೊರಗೇ ಇದ್ದರೆ ಟ್ರೇಸ್‌ರೂಟ್ ಎಂಬ ಇನ್ನೊಂದು ಕಮಾಂಡ್ (ವಿಂಡೋಸ್‌ನಲ್ಲಿ tracert) ಓಡಿಸಿ, ದಾರಿಯ ಒಂದೊಂದು ರೂಟರ್ ಕಾಣುತ್ತದೆ. ನಡುವೆ ನಕ್ಷತ್ರ ಚಿಹ್ನೆ ಬಂದರೆ ಸುಮ್ನೆ ಗಾಬರಿಯಾಗಬೇಡಿ, ಕೆಲವು ರೂಟರ್‌ಗಳು ಉತ್ತರವನ್ನೇ ಕೊಡುವುದಿಲ್ಲ. ಐದನೇ ಸಾಲಿನಲ್ಲಿ 200 ಇದ್ದು ಆರರಲ್ಲಿ 30 ಬಂದರೂ ಚಿಂತೆಯಿಲ್ಲ. ಏರಿದ್ದು ಕೊನೇ ಸಾಲಿನವರೆಗೂ ಇಳಿಯದಿದ್ದರೆ ಆ ಪಟ್ಟಿಯನ್ನು, ಸಮಯ ಬರೆದು, ದೂರಿನ ಜೊತೆ ಕಳಿಸಿ.