ಹಿಂಡಿದರೆ ಬಾರದ ಬಿಳಿ ಗಂಟು

ಮಲ್ಲೇಶ್ವರದ ನನ್ನ ಚರ್ಮರೋಗ ಚಿಕಿತ್ಸಾಲಯಕ್ಕೆ ಬಾಣಂತಿಯರಿಗಿಂತ ಹೆಚ್ಚು ಗಾಬರಿಯಿಂದ ಬರುವವರು ಅವರ ತಾಯಂದಿರು. ಕೂಸಿನ ಮೂಗು, ಕೆನ್ನೆಗಳ ಮೇಲೆ ಸಣ್ಣ ರವೆ ಉದುರಿಸಿದಂಥ ಬಿಳಿ ಚುಕ್ಕೆಗಳು. "ಎದೆಹಾಲು ಮುಖದ ಮೇಲೆ ಬಿದ್ದು ಹೀಗಾಯಿತೇ, ಡಾಕ್ಟರೇ?"

ಹಾಲಿಗೂ ಇದಕ್ಕೂ ಸಂಬಂಧವಿಲ್ಲ. ಇದು ಮಿಲಿಯಾ. ಉದುರಿ ಹೋಗಬೇಕಾದ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು ಚರ್ಮದ ಮೇಲ್ಪದರದ ಕೆಳಗೇ ಸಿಕ್ಕಿಕೊಂಡು ಒಂದೆರಡು ಮಿಲಿಮೀಟರಿನ ಗಂಟಾಗುತ್ತದೆ. ನವಜಾತ ಶಿಶುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಇದು ಇರುತ್ತದೆ, ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಔಷಧ ಬರೆಯದಿದ್ದರೆ ಅಜ್ಜಿಯರಿಗೆ ಸಮಾಧಾನವಿಲ್ಲ. ಆದರೂ ನಾನು ಬರೆಯುವುದಿಲ್ಲ. ಕಡಲೆಹಿಟ್ಟು ಹಾಕಿ ತಿಕ್ಕುವುದನ್ನು ಮಾತ್ರ ನಿಲ್ಲಿಸುತ್ತೇನೆ. ಬಾಯೊಳಗೆ ಇಂಥದೇ ಗಂಟು ಕಂಡು, ಮಗು ಹಲ್ಲಿನೊಂದಿಗೇ ಹುಟ್ಟಿತೆಂದು ಶಾಂತಿ ಮಾಡಿಸಲು ಹೊರಟವರೂ ಇದ್ದಾರೆ. ಅಂಗುಳಿನಲ್ಲಿರುವವು ಎಪ್‌ಸ್ಟೈನ್ ಮುತ್ತುಗಳು; ಅವೂ ತಾವಾಗಿಯೇ ಮಾಯವಾಗುತ್ತವೆ.

ದೊಡ್ಡವರ ಕಥೆ ಬೇರೆ. ಕಣ್ಣಿನ ಕೆಳಗೆ, ರೆಪ್ಪೆಯ ಮೇಲೆ ಬಂದದ್ದು ತಿಂಗಳುಗಟ್ಟಲೆ ಕೂತಿರುತ್ತದೆ. ಸುಟ್ಟ ಗಾಯ ಮಾಗಿದ ಜಾಗದಲ್ಲಿ, ಬಹುಕಾಲ ಸ್ಟಿರಾಯ್ಡ್ ಮುಲಾಮು ಹಚ್ಚಿದ ಮುಖದಲ್ಲೂ ಏಳುತ್ತದೆ. ಮದುವೆ ಹತ್ತಿರ ಬಂದಾಗ ಬ್ಯೂಟಿ ಪಾರ್ಲರಿನಲ್ಲಿ ಹಿಂಡಿಸಿಕೊಂಡು, ಕೆಂಪು ಕಲೆಯ ಜೊತೆ ಗಂಟನ್ನೂ ಹಾಗೆಯೇ ಉಳಿಸಿಕೊಂಡು ಬರುವವರನ್ನು ಕಂಡರೆ ಸಿಟ್ಟು ಬರುತ್ತದೆ. ಮೊಡವೆಗಿರುವಂತೆ ಇದಕ್ಕೆ ಬಾಯಿಯೇ ಇಲ್ಲ, ಹಿಂಡಿದರೆ ಬರುವುದೆಲ್ಲಿಂದ?

ಬಾಯಿಯನ್ನು ನಾನೇ ಮಾಡಬೇಕು. ಪೊವಿಡೋನ್ ಅಯೋಡಿನ್ ಎಂಬ ಕ್ರಿಮಿನಾಶಕದಿಂದ ಒರೆಸಿ, ಹೊಸ 26 ಗೇಜಿನ ಸೂಜಿಯನ್ನು ಚರ್ಮಕ್ಕೆ ಬಹುತೇಕ ಸಮಾನಾಂತರವಾಗಿ ಹಿಡಿಯುತ್ತೇನೆ. ಆಳಕ್ಕೆ ಚುಚ್ಚುವುದಲ್ಲ, ಗಂಟಿನ ಮೇಲಿನ ತೆಳುಪೊರೆಯನ್ನಷ್ಟೇ ಸೀಳಿ ಎತ್ತುವುದು. ಆಮೇಲೆ ಪಕ್ಕದಿಂದ ಮೆಲ್ಲನೆ ಒತ್ತಿದರೆ ಬಿಳಿಯ ಗುಂಡು ಇಡಿಯಾಗಿ ಗಾಜ್ ಬಟ್ಟೆಯ ಮೇಲೆ ಬೀಳುತ್ತದೆ. ಬೆರಳುಗಳ ನಡುವೆ ಉರುಳಿಸಿದರೂ ಕೀವಿನಂತೆ ಹರಡುವುದಿಲ್ಲ, ಗಟ್ಟಿಯಾಗಿಯೇ ಇರುತ್ತದೆ. ರೋಗಿಗೆ ತೋರಿಸುತ್ತೇನೆ, "ಇಷ್ಟೇನಾ?" ಎನ್ನುತ್ತಾರೆ. ನಮ್ಮ ಮೈಬಣ್ಣಕ್ಕೆ ಕಪ್ಪು ಕಲೆ ಬೇಗ ಉಳಿಯುವುದರಿಂದ ಕೆಲವು ವಾರ ಬಿಸಿಲು ತಾಕದಂತೆ ನೋಡಿಕೊಳ್ಳಲು ಹೇಳುತ್ತೇನೆ. ಕೆನ್ನೆಯಲ್ಲಿ ಬಹಳ ಇದ್ದರೆ ರಾತ್ರಿ ಅಡಾಪಲೀನ್ ಎಂಬ ಮುಲಾಮು ಹಚ್ಚಿಸುತ್ತೇನೆ. ಗರ್ಭಿಣಿಯರಿಗೆ ಅದನ್ನು ಕೊಡುವುದಿಲ್ಲ, ರೆಪ್ಪೆಗೆ ಯಾರಿಗೂ ಇಲ್ಲ.

ಕಣ್ಣಿನ ಒಳಮೂಲೆಯಲ್ಲಿ ಹಳದಿಯ ಚಪ್ಪಟೆ ಮಚ್ಚೆ ಕಂಡರೆ ಮಾತ್ರ ಸೂಜಿ ತೆಗೆಯುವುದಿಲ್ಲ. ಅದು ಮಿಲಿಯಾ ಅಲ್ಲ, ಕೊಬ್ಬು ಶೇಖರವಾದ ಕ್ಸಾಂಥೆಲಾಸ್ಮ. ಅಂಥವರಿಗೆ ಮೊದಲು ಕೊಲೆಸ್ಟರಾಲ್ ಪರೀಕ್ಷೆಗೆ ಚೀಟಿ ಬರೆದುಕೊಡುತ್ತೇನೆ.