ಟೇಬಲ್ ಸಾ ಮೇಲೆ ಡ್ರಾಯರ್ ಮುಖಕ್ಕೆ ತಗ್ಗು ತೆಗೆದೆ: ನನ್ನ ಅನುಭವ

ಮೂರು ಡ್ರಾಯರಿನ ಪುಟ್ಟ ಕಪಾಟೊಂದನ್ನು ಮಾಡುತ್ತಿದ್ದೆ. ಹೊರಗಿನ ಪೆಟ್ಟಿಗೆ ಮುಗಿದಿತ್ತು. ಡ್ರಾಯರುಗಳ ಮುಖಕ್ಕೆ ಬರಬೇಕಾದ ಜಾಗದಲ್ಲಿ ಚಪ್ಪಟೆ ಹಲಗೆಗಳನ್ನು ಸುಮ್ನೆ ಒರಗಿಸಿಟ್ಟು, ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದೆ. ಅಚ್ಚುಕಟ್ಟಾಗಿತ್ತು, ಆದರೆ ಕಳೆ ಇರಲಿಲ್ಲ. ಒಂದೊಂದು ಹಲಗೆಯ ನಡುವೆ ಉದ್ದಕ್ಕೂ ಅಗಲವಾದ ತಗ್ಗು ಹರಿದರೆ, ಮೂರನ್ನೂ ಒಂದರ ಮೇಲೊಂದು ಕೂರಿಸಿದಾಗ ಅಲೆ ಎದ್ದ ಹಾಗೆ ಕಾಣುತ್ತದೆ ಅನ್ನಿಸಿತು. ದೋಣಿಯ ಒಳಮೈ ಇರುತ್ತದಲ್ಲ, ಅಂಥ ತಗ್ಗು.

ಕೈ ಉಪಕರಣದಿಂದಲೂ ಇದನ್ನು ಮಾಡಬಹುದು. ಆದರೆ ಮೂರು ಮುಖಕ್ಕೂ ಒಂದೇ ಅಚ್ಚಿನ ತಗ್ಗು ಬರಬೇಕು ಅಂದರೆ ನನಗೆ ಟೇಬಲ್ ಸಾ ಮೇಲೇ ಹೆಚ್ಚು ನಂಬಿಕೆ. ಮೇಜಿನ ಸೀಳಿನಿಂದ ದುಂಡು ಗರಗಸದ ಬ್ಲೇಡ್ ಮೇಲೆದ್ದು ತಿರುಗುವ ಯಂತ್ರ ಅದು. ನೇರ ಗೆರೆ ಕೊಯ್ಯುವ ಯಂತ್ರದಲ್ಲಿ ಬಾಗಿದ ಮೈ ಹೇಗೆ ಬರುತ್ತದೆ ಅಂತ ಕೇಳುವವರು ಇದ್ದಾರೆ. ಹಲಗೆಯನ್ನು ಬ್ಲೇಡಿನ ನೇರಕ್ಕೆ ತಳ್ಳಿದರೆ 3 ಮಿ.ಮೀ. ಅಗಲದ ಗಾಡಿ, ಅಂದರೆ ಕಿರಿದಾದ ಉದ್ದನೆ ಕಾಲುವೆ, ಬೀಳುತ್ತದೆ, ಅಷ್ಟೇ. ಅದೇ ಹಲಗೆಯನ್ನು ಬ್ಲೇಡಿನ ಮೇಲೆ ಓರೆಯಾಗಿ ಹಾಯಿಸಿ ನೋಡಿ. ಆಗ ಬ್ಲೇಡಿನ ದುಂಡಗಿನ ಅಂಚು ಮರವನ್ನು ಕೆರೆಯುತ್ತಾ ಹೋಗುತ್ತದೆ. ಆ ದುಂಡೇ ಮರದಲ್ಲಿ ಅಚ್ಚೊತ್ತುತ್ತದೆ. ಬ್ಲೇಡ್ ಎಷ್ಟು ಎತ್ತರವೋ ತಗ್ಗು ಅಷ್ಟು ಆಳ. ಹಲಗೆ ಎಷ್ಟು ಓರೆಯೋ ತಗ್ಗು ಅಷ್ಟು ಅಗಲ. ತಗ್ಗಿನ ಆಕಾರವನ್ನು ಈ ಎರಡೇ ಅಳತೆ ತೀರ್ಮಾನ ಮಾಡುತ್ತವೆ.

ನನ್ನದು 250 ಮಿ.ಮೀ. ವ್ಯಾಸದ ಬ್ಲೇಡ್. ಅದನ್ನು 12 ಮಿ.ಮೀ. ಎತ್ತರಿಸಿದರೆ ಮೇಜಿನ ಮಟ್ಟದಲ್ಲಿ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ನಡುವೆ ಸುಮಾರು 107 ಮಿ.ಮೀ. ಅಂತರ ಇರುತ್ತದೆ. ಹಲಗೆಯನ್ನು 30 ಡಿಗ್ರಿ ಓರೆಯಲ್ಲಿ ಹಾಯಿಸಿದರೆ ಸುಮಾರು 56 ಮಿ.ಮೀ. ಅಗಲದ ತಗ್ಗು ಬರುತ್ತದೆ. ನನಗೆ ಬೇಕಾಗಿದ್ದು 80. ಅದಕ್ಕೆ ಓರೆ ಸುಮಾರು 47 ಡಿಗ್ರಿ ಆಗುತ್ತದೆ. ಓರೆ ಜಾಸ್ತಿ ಮಾಡಿದಷ್ಟೂ ಬ್ಲೇಡಿನ ಪಕ್ಕೆಯ ಮೇಲೆ ಒತ್ತಡ ಜಾಸ್ತಿ ಬೀಳುತ್ತದೆ. ಹಾಗಾಗಿ ತೆಳು ಬ್ಲೇಡ್ ಬಿಟ್ಟು, 3.2 ಮಿ.ಮೀ. ಗಾಡಿ ಬೀಳಿಸುವ ದಪ್ಪ ಬ್ಲೇಡನ್ನೇ ಹಾಕಿದೆ. 40 ಹಲ್ಲಿನದು, ಹೊಸದಾಗಿ ಸಾಣೆ ಹಿಡಿಸಿದ್ದು. ನನ್ನ ಹಲಗೆ ತೇಗದ್ದು. ತೇಗದ ಮರದಲ್ಲಿ ಸಿಲಿಕಾ (ಮರಳಿನಂಥ ಗಟ್ಟಿ ಅಂಶ) ಇರುತ್ತದೆ, ಹಲ್ಲು ಬೇಗ ಮೊಂಡಾಗುತ್ತದೆ. ಮೊಂಡು ಬ್ಲೇಡಿನಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಮುಂದೆ ಹೋಗುವ ಮುಂಚೆ ಒಂದು ಮಾತು. ಈ ಕೆಲಸಕ್ಕೆ ಬ್ಲೇಡಿನ ಮೇಲಿನ ಗಾರ್ಡನ್ನೂ ಹಿಂದಿನ ರೈವಿಂಗ್ ನೈಫನ್ನೂ (ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುವ ತಗಡು) ತೆಗೆಯಬೇಕಾಗುತ್ತದೆ. ಅವು ಇದ್ದರೆ ಹಲಗೆ ಓರೆಯಾಗಿ ಹಾಯುವುದೇ ಇಲ್ಲ. ಅಂದರೆ ನಮ್ಮನ್ನು ಕಾಯುವ ಎರಡು ವಸ್ತುಗಳಿಲ್ಲದೆ ಕೆಲಸ ಮಾಡುತ್ತಿದ್ದೇವೆ. ಟೇಬಲ್ ಸಾ ಹೊಸದಾಗಿ ಕಲಿಯುತ್ತಿರುವವರು ದಯವಿಟ್ಟು ಇದನ್ನು ಒಬ್ಬರೇ ಪ್ರಯತ್ನಿಸಬೇಡಿ. ಗೊತ್ತಿರುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಕೆಲಸ ಮುಗಿದ ತಕ್ಷಣ, ಹೊಟ್ಟು ಗುಡಿಸುವುದಕ್ಕೂ ಮುಂಚೆ, ನಾನು ಅವೆರಡನ್ನೂ ವಾಪಸ್ ಹಾಕುತ್ತೇನೆ.

ಇನ್ನು ಹಲಗೆ. ಮೂರು ಮುಖವೂ 450 ಮಿ.ಮೀ. ಉದ್ದದವು. ಮೂರನ್ನೂ ಬೇರೆ ಬೇರೆ ಕತ್ತರಿಸಿಕೊಂಡು ತಗ್ಗು ತೆಗೆಯಲಿಲ್ಲ. 1.6 ಮೀಟರಿನ ಒಂದೇ ಹಲಗೆ ತಗೊಂಡೆ. 130 ಮಿ.ಮೀ. ಅಗಲ, 28 ಮಿ.ಮೀ. ದಪ್ಪ, ನೆಟ್ಟಗೆ ಓಡುವ ಎಳೆ. ಉದ್ದದ ಹಲಗೆಯನ್ನು ಹಿಡಿಯುವುದು ಸುಲಭ, ಕೈ ಬ್ಲೇಡಿನಿಂದ ದೂರ ಉಳಿಯುತ್ತದೆ. ಮೂರಕ್ಕೂ ಒಂದೇ ಆಕಾರ ಬರುವುದು ಖಾತ್ರಿ. ಎರಡು ತುದಿಯಲ್ಲೂ ಹೆಚ್ಚುವರಿ ಉದ್ದ ಬಿಟ್ಟುಕೊಂಡೆ, ಯಾಕಂದರೆ ಹಲಗೆ ಬ್ಲೇಡಿಗೆ ಏರುವಾಗ, ಬ್ಲೇಡಿನಿಂದ ಇಳಿಯುವಾಗ ತುದಿಯಲ್ಲಿ ಸ್ವಲ್ಪ ಕಚ್ಚಿಕೊಳ್ಳುವುದುಂಟು. ತಗ್ಗು 80 ಮಿ.ಮೀ. ಅಂದರೆ ಎರಡೂ ಬದಿ 25 ಮಿ.ಮೀ. ಚಪ್ಪಟೆ ಉಳಿಯುತ್ತದೆ. ತಗ್ಗು ಬಿದ್ದ ಮೇಲೆ ಹಲಗೆ ಮೇಜಿನ ಮೇಲೆ ಕೂರುವುದು ಈ ಎರಡು ಪಟ್ಟಿಯ ಮೇಲೆಯೇ. ಅದನ್ನು ಕಿರಿದು ಮಾಡಿದರೆ ಹಲಗೆ ತೊನೆಯುತ್ತದೆ.

ಓರೆಯನ್ನು ಕೋನಮಾಪಕ ಹಿಡಿದು ಅಳೆಯಲು ಹೋಗಲಿಲ್ಲ. ನಾಲ್ಕು ಮರದ ಪಟ್ಟಿಯ ಒಂದು ಚೌಕಟ್ಟು ಮಾಡಿಕೊಂಡೆ. ಎರಡು ಉದ್ದ ಪಟ್ಟಿ, ಎರಡು ಗಿಡ್ಡ ಪಟ್ಟಿ. ನಾಲ್ಕು ಮೂಲೆಯಲ್ಲೂ ಒಂದೊಂದು ಸ್ಕ್ರೂ. ಬಿಗಿಯಲ್ಲ, ತಿರುಗುವ ಹಾಗೆ. ಉದ್ದ ಪಟ್ಟಿಗಳು ಯಾವಾಗಲೂ ಒಂದಕ್ಕೊಂದು ಸಮಾನಾಂತರವಾಗಿಯೇ ಸರಿಯುತ್ತವೆ. ಅವುಗಳ ಒಳ ಅಂತರವನ್ನು 80 ಮಿ.ಮೀ.ಗೆ ನಿಲ್ಲಿಸಿ ಸ್ಕ್ರೂ ಬಿಗಿ ಮಾಡಿದೆ. ಯಂತ್ರದ ಪ್ಲಗ್ ಕಿತ್ತು, ಬ್ಲೇಡನ್ನು 12 ಮಿ.ಮೀ.ಗೆ ಎತ್ತಿ, ಚೌಕಟ್ಟನ್ನು ಬ್ಲೇಡಿನ ಸುತ್ತ ಇಟ್ಟೆ. ನಿಧಾನವಾಗಿ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಈಚಿನ ಪಟ್ಟಿಗೆ ಮುಂದಿನ ಹಲ್ಲು, ಆಚಿನ ಪಟ್ಟಿಗೆ ಹಿಂದಿನ ಹಲ್ಲು ಒಟ್ಟಿಗೆ ತಾಗುತ್ತವೆ. ಬ್ಲೇಡನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿದರೆ ಎರಡೂ ಕಡೆ ಹಲ್ಲು ಪಟ್ಟಿಯನ್ನು ಸವರಿದ ಸದ್ದು ಕೇಳುತ್ತದೆ. ಅದೇ ನನಗೆ ಬೇಕಾದ ಓರೆ. ಈಚಿನ ಪಟ್ಟಿಯ ಒಳ ಅಂಚಿನ ಗುಂಟ ಮೇಜಿನ ಮೇಲೆ ಪೆನ್ಸಿಲ್ ಗೆರೆ ಹಾಕಿದೆ. ಲೆಕ್ಕ ಮಾಡಿದ 47 ಡಿಗ್ರಿಗೂ ಈ ಗೆರೆಗೂ ಹೆಚ್ಚು ಕಮ್ಮಿ ಇರಲಿಲ್ಲ. ಇದ್ದಿದ್ದರೂ ನಾನು ಗೆರೆಯನ್ನೇ ನಂಬುತ್ತಿದ್ದೆ, ಯಾಕಂದರೆ ಹಲ್ಲಿನ ದಪ್ಪವೂ ಅದರಲ್ಲಿ ಸೇರಿರುತ್ತದೆ.

ಆ ಗೆರೆಯಿಂದ 25 ಮಿ.ಮೀ. ಈಚೆಗೆ ಫೆನ್ಸ್, ಅಂದರೆ ಹಲಗೆ ಒರಗಿಕೊಂಡು ಸರಿಯುವ ನೆಟ್ಟಗಿನ ತಡೆಪಟ್ಟಿ, ಬರಬೇಕು. ಈಚೆಗೆ ಅನ್ನುವುದು ಮುಖ್ಯ. ಬ್ಲೇಡಿನ ಮೇಲ್ಭಾಗದ ಹಲ್ಲು ನಮ್ಮ ಕಡೆಗೇ ತಿರುಗಿ ಬರುತ್ತದೆ. ಅದು ಹಲಗೆಯನ್ನು ನಮ್ಮತ್ತ ದೂಡುತ್ತದೆ. ಫೆನ್ಸ್ ಹಲಗೆಯ ಈಚೆ, ನಾವು ನಿಂತ ಕಡೆ ಇದ್ದರೆ ಹಲಗೆ ಅದಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಆಚೆ ಮಾತ್ರ ಇಟ್ಟರೆ ಹಲಗೆ ಫೆನ್ಸ್ ಬಿಟ್ಟು ಬರಲು ನೋಡುತ್ತದೆ, ಗೆರೆ ತಪ್ಪುತ್ತದೆ, ಎದೆಗೆ ಹಾರುವ ಅಪಾಯವೂ ಇದೆ. ನಾನು ಫೆನ್ಸ್ ಆಗಿ ಎರಡು ಕಡೆಯೂ ನೆಟ್ಟಗಿನ ದಪ್ಪ ರೀಪರ್ (ಮರದ ಪಟ್ಟಿ) ಕ್ಲಾಂಪ್ ಮಾಡಿದೆ. ಎರಡರ ನಡುವೆ ಹಲಗೆ ಸರಿಯಲು ಒಂದು ಕಾಗದದಷ್ಟು ಸಡಿಲ. ಒಳಮೈಗೆ ಮೇಣ ಉಜ್ಜಿದೆ. ಹಲಗೆ ಓರೆಯಾಗಿ ಹೊರಬರುವುದರಿಂದ ಹಿಂದಿನ ಮಾಮೂಲಿ ಆಸರೆ ಮೇಜು ಉಪಯೋಗಕ್ಕೆ ಬರಲಿಲ್ಲ. ಅದು ಬರುವ ದಿಕ್ಕಿಗೆ ರೋಲರ್ ಸ್ಟ್ಯಾಂಡ್ ಒಂದನ್ನು ಸರಿಸಿಟ್ಟೆ.

ಬ್ಲೇಡನ್ನು ಪೂರ್ತಿ ಇಳಿಸಿ, 1.5 ಮಿ.ಮೀ. ಮಾತ್ರ ಎತ್ತಿದೆ. ಅದೇ ದಪ್ಪದ ಚೂರು ಹಲಗೆಯಲ್ಲಿ ಪರೀಕ್ಷೆ ಮಾಡಿ, ತಗ್ಗು ಸರಿಯಾಗಿ ನಡುವೆ ಬೀಳುತ್ತಿದೆ ಅಂತ ನೋಡಿಕೊಂಡ ಮೇಲೆ ನಿಜವಾದ ಹಲಗೆ ಇಟ್ಟೆ. ಮುಂದಿನಿಂದ ಹಿಂದಕ್ಕೆ, ಬ್ಲೇಡಿನ ತಿರುಗಾಟಕ್ಕೆ ಎದುರಾಗಿ ತಳ್ಳಬೇಕು. ಎರಡು ಕೈಗೂ ರಬ್ಬರ್ ತಳದ ಪುಶ್ ಬ್ಲಾಕ್, ಅಂದರೆ ಹಲಗೆಯನ್ನು ಒತ್ತಿ ತಳ್ಳುವ ಹಿಡಿ. ಬ್ಲೇಡ್ ಹಲಗೆಯ ಅಡಿಯಲ್ಲಿ ಇರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಬ್ಲೇಡ್ ಎಲ್ಲಿದೆ ಅನ್ನುವುದನ್ನು ಎರಡು ರೀಪರಿನ ಮೇಲೂ ಕೆಂಪು ಗೆರೆ ಹಾಕಿ ಗುರುತು ಮಾಡಿಕೊಂಡಿದ್ದೆ. ಆ ಎರಡು ಗೆರೆಯ ನಡುವೆ ಕೈ ಒತ್ತುವುದಿಲ್ಲ. ಮೊದಲ ಸುತ್ತಿನಲ್ಲಿ ಸುಮಾರು 30 ಮಿ.ಮೀ. ಅಗಲದ ತೆಳುವಾದ ಗೀರು ಬಿತ್ತು. ಸುತ್ತು ಸುತ್ತಿಗೂ ಅದು ಅಗಲ ಆಗುತ್ತಾ, ಆಳ ಆಗುತ್ತಾ ಹೋಗುವುದನ್ನು ನೋಡುವುದು ನನಗೆ ಈ ಕೆಲಸದಲ್ಲೇ ಅತಿ ಇಷ್ಟದ ಭಾಗ.

1.5 ಮಿ.ಮೀ.ನಂತೆ ಏಳು ಸುತ್ತು. ಅಲ್ಲಿಗೆ 10.5 ಆಯಿತು. ನಡುವೆ ಒಂದು ಸಲ 2.5 ಎತ್ತಿ ನೋಡೋಣ ಅಂತ ಆಸೆ ಆಗಿತ್ತು. ಹಿಂದೊಮ್ಮೆ ಹಾಗೆ ಮಾಡಿ ಹಲಗೆ ನಡುಗಿದ್ದು, ಮೋಟರಿನ ಸದ್ದು ಕುಗ್ಗಿದ್ದು ನೆನಪಿತ್ತು. ಮಾಡಲಿಲ್ಲ.

ಏಳನೇ ಸುತ್ತು ಮುಗಿಸಿ ಹಲಗೆಯನ್ನು ಒಂದು ರಾತ್ರಿ ಬಿಟ್ಟೆ. ಫೆನ್ಸ್ ಅಲುಗಾಡಿಸಲಿಲ್ಲ. ಒಂದೇ ಮೈಯಿಂದ ಅಷ್ಟು ಮರ ಹೋದಾಗ ಒಳಗಿನ ಬಿಗಿ ಸಡಿಲಗೊಂಡು ಹಲಗೆ ಸೊಟ್ಟಗಾಗುವುದುಂಟು. ಬೆಳಿಗ್ಗೆ ನೇರಪಟ್ಟಿ ಇಟ್ಟು ನೋಡಿದರೆ ಹಿಂಬದಿ ಸ್ವಲ್ಪ ಬಾಗಿತ್ತು. ತೋಪಡ ಹೊಡೆದು ಅದನ್ನು ನೆಟ್ಟಗೆ ಮಾಡಿ, ಆಮೇಲೆ 1 ಮಿ.ಮೀ.ನ ಒಂದು ಸುತ್ತು, ಕೊನೆಗೆ ಅರ್ಧ ಮಿ.ಮೀ.ನ ಒಂದು ಸುತ್ತು. ಕೊನೆಯದನ್ನು ತುಂಬಾ ನಿಧಾನವಾಗಿ, ಎಲ್ಲೂ ನಿಲ್ಲಿಸದೆ ತಳ್ಳಿದೆ. ನಡುವೆ ನಿಂತರೆ ಅಲ್ಲೊಂದು ಸುಟ್ಟ ಕಲೆ ಬೀಳುತ್ತದೆ.

ಬ್ಲೇಡಿನಿಂದ ಬಂದ ತಗ್ಗು ನುಣುಪಾಗಿ ಇರುವುದಿಲ್ಲ. ಅಡ್ಡಡ್ಡಕ್ಕೆ ಸಣ್ಣ ಕಮಾನುಗಳ ಸಾಲು, ಮೀನಿನ ಹುರುಪೆ ಥರ. ಬೆರಳು ಸವರಿದರೆ ಗರಗರ ಅನ್ನುತ್ತದೆ. ಇದಕ್ಕೆ ನೇರವಾಗಿ ಉಪ್ಪುಕಾಗದ ಹಿಡಿದರೆ ಅರ್ಧ ದಿನ ಹೋಗುತ್ತದೆ, ಬೆರಳಿನ ಒತ್ತಡಕ್ಕೆ ಅಲ್ಲಲ್ಲಿ ಗುಳಿಯೂ ಬೀಳುತ್ತದೆ. ಮೊದಲು ಬಾಗಿದ ಸ್ಕ್ರೇಪರ್ (ಮರ ಹೆರೆಯುವ ತೆಳು ಉಕ್ಕಿನ ತಗಡು) ಎಳೆದೆ. ಎಳೆಯ ಗುಂಟ, ಸ್ವಲ್ಪ ಓರೆಯಾಗಿ. ತೆಳ್ಳನೆ ಸುರುಳಿ ಸುರುಳಿಯಾಗಿ ಹೆರೆ ಎದ್ದು ಬರುತ್ತಿದ್ದರೆ ಸ್ಕ್ರೇಪರ್ ಹರಿತವಾಗಿದೆ ಅಂತ ಅರ್ಥ. ಬರೀ ಪುಡಿ ಬಂದರೆ ಅದರ ಅಂಚನ್ನು ಮತ್ತೆ ಮಸೆಯಬೇಕು.

ಆಮೇಲೆ ಉಜ್ಜುವ ಕಟ್ಟೆ ಬೇಕು, ಅದೂ ತಗ್ಗಿನ ಆಕಾರದ್ದೇ. ಪರೀಕ್ಷೆ ಮಾಡಿದ ಚೂರು ಹಲಗೆ ಇಲ್ಲಿ ಕೆಲಸಕ್ಕೆ ಬಂತು. ಅದರಲ್ಲೂ ಪೂರ್ತಿ ಆಳದ ತಗ್ಗು ತೆಗೆದಿಟ್ಟುಕೊಂಡಿದ್ದೆ. ಅದರೊಳಗೆ 80 ನಂಬರಿನ ಉಪ್ಪುಕಾಗದವನ್ನು ಒರಟು ಮೈ ಮೇಲಾಗಿ ಹಾಸಿ, ಗಟ್ಟಿ ಫೋಮಿನ ತುಂಡೊಂದನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜಿದೆ. ಐದು ನಿಮಿಷದಲ್ಲಿ ಫೋಮು ತಗ್ಗಿನ ಪಡಿಯಚ್ಚೇ ಆಯಿತು. ಆ ಕಟ್ಟೆಗೆ ಕಾಗದ ಸುತ್ತಿ 120, 180, ಕೊನೆಗೆ 220. ದೀಪವನ್ನು ಹಲಗೆಯ ಪಕ್ಕಕ್ಕೆ, ತೀರಾ ತಗ್ಗಿನಲ್ಲಿ ಹಿಡಿದು ನೋಡುತ್ತಿದ್ದೆ. ಮೇಲಿಂದ ಬೆಳಕು ಬಿದ್ದಾಗ ಕಾಣದ ಗೀರು ಹಾಗೆ ನೋಡಿದಾಗ ಎದ್ದು ಕಾಣುತ್ತದೆ. ಮೂಗಿಗೆ ಮಾಸ್ಕ್ ಮರೆಯಬೇಡಿ, ತೇಗದ ಪುಡಿ ನುಣ್ಣಗಿರುತ್ತದೆ, ಗಂಟಲು ಕೆರೆಯುತ್ತದೆ.

ಇಷ್ಟೆಲ್ಲ ಚೆನ್ನಾಗಿ ನಡೆದು, ಹಲಗೆಯನ್ನು ಮೂರಾಗಿ ಕತ್ತರಿಸಿ, ಪಕ್ಕದ ಹಲಗೆಗಳಿಗೆ ಡವ್‌ಟೇಲ್ ಜೋಡಣೆ (ಪಾರಿವಾಳದ ಬಾಲದ ಆಕಾರದ ಹಲ್ಲು ಕಚ್ಚಿನೊಳಗೆ ಕೂರುವಂಥದ್ದು) ಮಾಡುವಾಗ ತಪ್ಪಿದೆ. 28 ಮಿ.ಮೀ. ದಪ್ಪದ ಮುಖಕ್ಕೆ ಮುಂದೆ 10 ಬಿಟ್ಟು 18 ಮಿ.ಮೀ. ಆಳಕ್ಕೆ ಗುರುತು ಹಾಕುವುದು ನನಗೆ ರೂಢಿ. ಅದೇ ಗುರುತು ಹಾಕಿ ಉಳಿ ಹೊಡೆದೆ. ತಗ್ಗಿನ ನಡುವೆ ಉಳಿದಿರುವ ದಪ್ಪ 16 ಮಾತ್ರ ಅನ್ನುವುದು ತಲೆಗೆ ಬರಲಿಲ್ಲ. ನಡುವಿನ ಕಚ್ಚಿನಲ್ಲಿ ಉಳಿ ಇಳಿದು, ಹಲಗೆ ತಿರುಗಿಸಿದರೆ ನುಣ್ಣಗೆ ಉಜ್ಜಿದ್ದ ಮುಖದಲ್ಲಿ ಉಗುರಗಲದ ತೂತು. ಹೊಟ್ಟೆ ಚುರುಕ್ ಅಂತು. ತುದಿಯಲ್ಲಿ ಉಳಿದಿದ್ದ ತುಂಡಿನಿಂದ ಅದೇ ಎಳೆಯ ಚೂರು ಕೊಯ್ದು, ಕಚ್ಚಿನೊಳಗೆ ಅಂಟು ಹಾಕಿ ಕೂರಿಸಿ, ಒಣಗಿದ ಮೇಲೆ ಮತ್ತೆ ಸ್ಕ್ರೇಪರ್ ಎಳೆದೆ. ಗೊತ್ತಿರುವವರಿಗೆ ಈಗಲೂ ಕಾಣುತ್ತದೆ. ಆ ಮುಖವನ್ನು ಕೆಳಗಿನ ಡ್ರಾಯರಿಗೆ ಹಾಕಿದೆ. ಮಿಕ್ಕ ಕಚ್ಚುಗಳನ್ನೆಲ್ಲ 10 ಮಿ.ಮೀ. ಆಳಕ್ಕೇ ನಿಲ್ಲಿಸಿದೆ. ಆಗ ತೀರಾ ತೆಳುವಾದ ಕಡೆಯಲ್ಲೂ 6 ಮಿ.ಮೀ. ಮರ ಉಳಿಯುತ್ತದೆ. ಇನ್ನೊಂದು ವಿಷಯ: ಮುಖ ಕೆಳಗೆ ಮಾಡಿ ಉಳಿ ಹೊಡೆಯುವಾಗ ತಗ್ಗಿನ ಜಾಗ ಟೊಳ್ಳಾಗಿರುತ್ತದೆ. ಅದರ ಅಡಿಗೆ 12 ಮಿ.ಮೀ. ಪಟ್ಟಿಯೊಂದನ್ನು ಒತ್ತು ಕೊಟ್ಟರೆ ಹಲಗೆ ಸೀಳುವ ಭಯ ಇಲ್ಲ.

ಡ್ರಾಯರಿನ ತಳ ಕೂರುವ ಗಾಡಿಗೆ ಏನೂ ತೊಂದರೆ ಆಗಲಿಲ್ಲ. ಅದು ಕೆಳಗಿನ ಚಪ್ಪಟೆ ಪಟ್ಟಿಯ ಹಿಂದೆ ಬರುತ್ತದೆ, ಅಲ್ಲಿ ಪೂರ್ತಿ 28 ಮಿ.ಮೀ. ದಪ್ಪ ಇದೆ.

ಹಿಡಿಯೇ ಬೇಡ, ತಗ್ಗಿನ ಅಂಚಿಗೆ ಬೆರಳು ಕೊಟ್ಟು ಎಳೆಯಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಅಂಚಿನ ಇಳಿಜಾರು ಮೆತ್ತಗಿದೆ, ಬೆರಳು ಜಾರುತ್ತದೆ. ಕೊನೆಗೆ ಅದೇ ಮರದ ಸಣ್ಣ ಗುಬುಟು ಹಿಡಿ ಮಾಡಿದೆ. ಅದರ ತಳ ಚಪ್ಪಟೆ, ಕೂರಬೇಕಾದ ಜಾಗ ಬಾಗಿದ್ದು. ತಗ್ಗಿನಲ್ಲಿ 120 ನಂಬರಿನ ಕಾಗದ ಹಾಸಿ, ಹಿಡಿಯ ತಳವನ್ನು ಉದ್ದಕ್ಕೆ ಉಜ್ಜುತ್ತಾ ಹೋದೆ. ಸಂದಿಯಲ್ಲಿ ಬೆಳಕು ಕಾಣದಷ್ಟು ಕೂರುವವರೆಗೆ. ಹಿಂದಿನ ಚಪ್ಪಟೆ ಮೈಯಿಂದ ಸ್ಕ್ರೂ ಕೊಟ್ಟು ಬಿಗಿ ಮಾಡಿದೆ.

ಎಣ್ಣೆ ಸವರಿದ ಸಂಜೆ ಮೂರು ಡ್ರಾಯರನ್ನೂ ಒಳಗೆ ತಳ್ಳಿ, ಪಕ್ಕದ ಕಿಟಕಿ ತೆರೆದೆ. ಒಂದೊಂದು ತಗ್ಗಿನ ಮೇಲ್ಭಾಗದಲ್ಲಿ ನೆರಳು, ಕೆಳಭಾಗದಲ್ಲಿ ಬೆಳಕು. ಮೂರು ಸಲ ಮೇಲಿಂದ ಕೆಳಗೆ ಹಾಗೇ. ಕೆಳಗಿನ ಡ್ರಾಯರಿನ ತೇಪೆಯ ಮೇಲೆ ಬೆರಳು ಸವರಿ ನೋಡಿದೆ. ಕೈಗೆ ಸಿಗಲಿಲ್ಲ.